ಕೊನೆಯ ಸಾಲು ಮುಟ್ಟುವ ತನಕ ಟೀ ಇಲ್ಲ

ಜನವರಿ 28, ಬುಧವಾರ

ರಾತ್ರಿ ಎರಡೂವರೆ. ಪಕ್ಕದ ಮನೆಯ ಟ್ಯಾಂಕು ತುಂಬಿ, ತಗಡಿನ ಮೇಲೆ ದಬದಬ ನೀರು ಸುರಿಯುವ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನಬೇಕಾದರೆ ಅದಕ್ಕೆ ಮೊದಲು ನಿದ್ದೆ ಬಂದಿರಬೇಕಲ್ಲ. ಬಂದಿತ್ತೆಂದು ಎದೆ ಮುಟ್ಟಿ ಹೇಳಲಾರೆ. ಮಗಳು ಪಕ್ಕದಲ್ಲಿ ಅಲ್ಲಾಡದೆ ಮಲಗಿದ್ದಳು. ಅಲ್ಲಾಡದೆ! ಕೂಡಲೇ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರಾಡುತ್ತಿದ್ದಳು. ಬೆರಳು ತಾಗಿ ಎದ್ದಳು. ಅವಳು ಉಸಿರಾಡುತ್ತಿದ್ದಾಳೆಂದು ಈಗ ಇಡೀ ಬೀದಿಗೇ ಗೊತ್ತು.

ಎಡತೋಳಿನಲ್ಲಿ ಅವಳು, ಬಲಗೈಯಲ್ಲಿ ಪೆನ್ನು. ಇದನ್ನು ಯಾರೂ ಓದಬೇಕಾಗಿಲ್ಲ. ಓದಿದವರು ನಗುತ್ತಾರೆ, ಇಲ್ಲವೇ ಬುದ್ಧಿ ಹೇಳುತ್ತಾರೆ. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಇವರಿಗೆ ದೂರದ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ. ಹದಿನೈದು ದಿನಕ್ಕೊಮ್ಮೆ ಮನೆ. ಊರಿಗೆಲ್ಲ ದೀಪ ಹಚ್ಚುವವರ ಹೆಂಡತಿ ರಾತ್ರಿಯಿಡೀ ದೀಪ ಆರಿಸದೆ ಕೂತಿದ್ದಾಳೆ. ಮನೆಯಲ್ಲಿ ನನ್ನ ಜೊತೆಗೆ ಇರುವವರು ಮಾವ. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ಕೂಗಿದವರು. ಮೊಮ್ಮಗಳಿಗೆ ಅವರಿಟ್ಟ ಹೆಸರು ‘ನೈಟ್ ಸರ್ವಿಸ್’. ಅವರು ಎತ್ತಿಕೊಂಡರೂ ಕಿರುಚುತ್ತಾಳೆ. ಯಾರು ಎತ್ತಿಕೊಂಡರೂ ಕಿರುಚುತ್ತಾಳೆ. ಕಿರುಚಿದ ಕೂಡಲೇ ನಾನು ಕಸಿದುಕೊಂಡುಬಿಡುತ್ತೇನೆ.

ಹೆರಿಗೆ ರಜೆ ಮುಗಿದು ಏಪ್ರಿಲ್ 6ಕ್ಕೆ ನಾನು ಕೆಲಸಕ್ಕೆ ಹಾಜರಾಗಬೇಕು. ಪುರಸಭೆಯ ನೀರು ಪರೀಕ್ಷೆಯ ಲ್ಯಾಬಿನ ಕೆಲಸ. ಓದಿ ಪಡೆದದ್ದು, ಇಷ್ಟಪಟ್ಟು ಮಾಡಿದ್ದು. “ಬರ್ತೀಯೋ ಬಿಡ್ತೀಯೋ, ಮಾರ್ಚ್ ಮುಗಿಯೋದ್ರೊಳಗೆ ಹೇಳಿಬಿಡು” ಎಂದಿದ್ದಾರೆ ಮೇಡಂ. ಕೆಲಸ ಬಿಡುವುದಕ್ಕೆ ಮನಸ್ಸಿಲ್ಲ. ಇವಳನ್ನು ಬಿಟ್ಟು ಹೋಗುವುದಕ್ಕೆ ಧೈರ್ಯವಿಲ್ಲ.

ಜನವರಿ 31, ಶನಿವಾರ

ಮಾವನಿಗೆ ಇವತ್ತು ಬಹಳ ಹುರುಪು. ಅವರ ನಿವೃತ್ತರ ಕೂಟದಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಹೊರಗಿನವರೊಬ್ಬರ ಭಾಷಣ. ಆ ಒಬ್ಬರನ್ನು ಹುಡುಕಿ ತರುವ ಕೆಲಸ ಮಾವನದು.

“ಈ ಸಲ ಲಿಫ್ಟ್ ಮೆಕ್ಯಾನಿಕ್ ಬರ್ತಾ ಇದಾನೆ ಕಣಮ್ಮಾ. ಹಗ್ಗ ತರ್ತಾನಂತೆ, ಉಕ್ಕಿನ ಹಗ್ಗ.”

“ಡಾಕ್ಟರನ್ನ ಕರೆಸಬಾರದಾ ಮಾವ? ಉಪಯೋಗಕ್ಕಾದ್ರೂ ಬರುತ್ತೆ.”

“ಒಂದ್ಸಲ ಕರೆಸಿದ್ವಿ. ಎಲ್ಲರೂ ಸಾಲಾಗಿ ನಿಂತು ಮಂಡಿ ತೋರಿಸಿದರು. ಆ ಪುಣ್ಯಾತ್ಮ ಹಿಂದಿನ ಬಾಗಿಲಿಂದ ಓಡಿಹೋದ.”

ಆಮೇಲೆ ಕಟ್ಟಳೆ ಮಾಡಿಕೊಂಡರಂತೆ. ಕಾಯಿಲೆಯ ಮಾತು ಆಡಕೂಡದು. ಬಂದವರು ತಮ್ಮ ಕೆಲಸದ ಬಗ್ಗೆ ಮಾತ್ರ ಹೇಳಬೇಕು, ಆ ಕೆಲಸದ ಒಂದು ವಸ್ತುವನ್ನು ತರಬೇಕು. ಅದು ಮೊದಲ ಸಾಲಿನಿಂದ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. ವಸ್ತು ಯಾರ ಕೈಯಲ್ಲಿದೆಯೋ ಅವರು ಒಂದೇ ಒಂದು ಪ್ರಶ್ನೆ ಕೇಳಬಹುದು. ಉಳಿದವರು ತುಟಿ ಪಿಟಕ್ಕೆನ್ನುವ ಹಾಗಿಲ್ಲ. ವಸ್ತು ಕೊನೆಯ ಸಾಲು ಮುಟ್ಟುವ ತನಕ ಟೀ ಬರುವುದಿಲ್ಲ.

“ಟೀ ಕಟ್ಟಿಹಾಕದಿದ್ರೆ ನಮ್ಮೋರು ಒಂದು ಪ್ರಶ್ನೆಗೆ ನಿಲ್ಲಿಸ್ತಾರಾ? ನೀನೂ ಬಾಮ್ಮಾ ಒಂದ್ಸಲ” ಎಂದರು ಮಾವ.

ನಾನು ಮಗಳನ್ನು ನೋಡಿದೆ. ಮಾವ ಪೇಪರ್ ಎತ್ತಿಕೊಂಡರು.

ಫೆಬ್ರವರಿ 5, ಗುರುವಾರ

ಮಾವನ ಗಂಟಲು ಕಟ್ಟಿಹೋಗಿದೆ. ಮೂವತ್ತು ವರ್ಷ ಊರು ನಡುಗಿಸಿದ ಧ್ವನಿ ಈಗ ಕಾಗದ ಹರಿದ ಸದ್ದಿನಷ್ಟಾಗಿದೆ. “ಶನಿವಾರ ಆ ಲಿಫ್ಟಿನವನ ಪರಿಚಯ ನೀನು ಓದಿಬಿಡಮ್ಮಾ. ಎರಡು ನಿಮಿಷ. ಮಗು ನಿನ್ನ ಕೈಯಲ್ಲೇ ಇರ್ಲಿ” ಎಂದು ಪಿಸುಗುಟ್ಟಿದರು. ಪಿಸುಮಾತಿನಲ್ಲಿ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ?

ಅವಳು ಅಲ್ಲಿ ಅತ್ತರೆ? ಯಾರಿಗಾದರೂ ಕೆಮ್ಮಿದ್ದರೆ? ಸೊಳ್ಳೆ ಇದ್ದರೆ? ಬಾಗಿಲ ಬಳಿಯೇ ನಿಲ್ಲುತ್ತೇನೆ.

ಫೆಬ್ರವರಿ 7, ಶನಿವಾರ

ಇವತ್ತು ಆದದ್ದಕ್ಕೆ ಹೆದರಬೇಕೋ ನಗಬೇಕೋ ತಿಳಿಯುತ್ತಿಲ್ಲ.

ಲೈಬ್ರರಿಯ ಹಿಂದಿನ ಉದ್ದನೆಯ ಕೋಣೆ. ನಾಲ್ಕು ಸಾಲು ಮಡಚುವ ಕುರ್ಚಿ. ಹಿಂಬಾಗಿಲಲ್ಲಿ ಸ್ಟೌ ಹಚ್ಚಿಕೊಂಡು ಟೀ ಅಮ್ಮ, ಕಣ್ಣು ಸದಾ ಕೊನೆಯ ಸಾಲಿನ ಮೇಲೆ. ಎಲ್ಲರೂ ಬಂದಿದ್ದರು, ಭಾಷಣ ಮಾಡಬೇಕಾದವನೊಬ್ಬನನ್ನು ಬಿಟ್ಟು. ಯಾರೋ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರಂತೆ, ಬಿಡಿಸಿ ಬರುತ್ತಾನಂತೆ. ಕಾಯುವ ಬದಲು ಪರಿಚಯ ಓದಿಬಿಡು ಎಂದು ಮಾವ ಸನ್ನೆ ಮಾಡಿದರು. ಖಾಲಿ ಕುರ್ಚಿಯ ಪರಿಚಯ ಓದಿದೆ. ಚಪ್ಪಾಳೆ ಹೊಡೆದರು. ಚಪ್ಪಾಳೆಗೆ ಬೆಚ್ಚಿದ ಮಗಳು ಕುಡಿದದ್ದನ್ನೆಲ್ಲ ನನ್ನ ಹೆಗಲ ಮೇಲೆ ಕಕ್ಕಿದಳು.

ಮೊದಲ ಕುರ್ಚಿಯಲ್ಲಿ ಕೂಟದ ಅಧ್ಯಕ್ಷೆ, ನಿವೃತ್ತ ಲೆಕ್ಕದ ಟೀಚರ್. “ತಾ ಇಲ್ಲಿ. ಹೋಗಿ ತೊಳ್ಕೊಂಡು ಬಾ” ಎಂದರು. ಲೆಕ್ಕದ ಟೀಚರ್ ಹೇಳಿದ ಮೇಲೆ ಯಾರಾದರೂ ಎದುರಾಡುತ್ತಾರೆಯೇ? ಕೊಟ್ಟೆ. ಜಗುಲಿಯ ನಲ್ಲಿಯಲ್ಲಿ ಹೆಗಲು ತೊಳೆದು ಓಡಿಬಂದೆ. ಟೀಚರ ಮಡಿಲು ಖಾಲಿ!

“ಮಗು ಎಲ್ಲಿ?”

ಟೀಚರ್ ತುಟಿಯ ಮೇಲೆ ಬೆರಳಿಟ್ಟರು. ಪಕ್ಕದವರೂ ಬೆರಳಿಟ್ಟರು. ಇಡೀ ಸಾಲು ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಿತು. ಆಗ ಹೊಳೆಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ವರ್ಷಗಟ್ಟಲೆ ರೂಢಿ ಬಿದ್ದ ಕೈಗಳು. ಮುಂದಿನಿಂದ ಏನು ಬಂದರೂ ಒಂದು ಪ್ರಶ್ನೆ ಕೇಳು, ಮುಂದಕ್ಕೆ ದಾಟಿಸು, ಟೀ ಕುಡಿ. ಮಗಳು ಆಗಲೇ ಎರಡನೆಯ ಸಾಲಿನಲ್ಲಿದ್ದಳು.

ಪೋಸ್ಟ್‌ಮಾಸ್ಟರರ ಕೈಯಲ್ಲಿ. ಅವರು ಅವಳನ್ನು ಮೇಲೆ ಕೆಳಗೆ ತೂಗಿ ನೋಡಿ, “ಆರು ಕೆಜಿ ಇನ್ನೂರು. ಎಲ್ಲಿಗೆ ಹೋಗ್ಬೇಕಮ್ಮಾ ನೀನು?” ಎಂದು ಕೇಳಿ ದಾಟಿಸಿದರು. ಟೈಲರ್ ತಾತ ಅಂಗಿಯ ಬೆನ್ನು ತಿರುಗಿಸಿ ನೋಡಿ ಕೆಂಡವಾದರು. “ಮಲಗೋ ಮಗೂಗೆ ಬೆನ್ನ ಮೇಲೆ ಗುಂಡಿ ಇಟ್ಟಿದಾನಲ್ಲ, ಯಾವನಮ್ಮಾ ಅವನು?” ನಾನು ಕುರ್ಚಿಗಳ ಸಂದಿಯಲ್ಲಿ ನುಗ್ಗುವಷ್ಟರಲ್ಲಿ ಮೂರನೆಯ ಸಾಲು.

ಅವಳು ಅಳುತ್ತಿರಲಿಲ್ಲ. ಅಳಲು ಬಾಯಿ ತೆರೆಯುವ ಹೊತ್ತಿಗೆ ಮುಂದಿನ ಮುಖ ಬಂದಿರುತ್ತಿತ್ತು. ಕನ್ನಡಕ, ಬಿಳಿ ಮೀಸೆ, ಬೊಚ್ಚು ಬಾಯಿ. ಕಿಟಕಿ ಪಕ್ಕ ಸೀಟು ಸಿಕ್ಕಿದವಳಂತೆ ನೋಡುತ್ತ ಹೋದಳು.

ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ನಿದ್ದೆ ಸಾಹೇಬರು. ತೆರಿಗೆ ಇಲಾಖೆಯಿಂದ ನಿವೃತ್ತರು. ಒಂದು ಭಾಷಣವನ್ನೂ ತಪ್ಪಿಸಿದವರಲ್ಲ, ಒಂದನ್ನೂ ಕೇಳಿದವರಲ್ಲ. ಪಕ್ಕದವರು ಅವರ ಹೊಟ್ಟೆಯ ಮೇಲೆ ಅವಳನ್ನು ಮೆಲ್ಲಗೆ ಇಟ್ಟರು. ಎಚ್ಚರವಿಲ್ಲದೆಯೇ ಎರಡು ದೊಡ್ಡ ಕೈಗಳು ಎದ್ದು ಅವಳ ಬೆನ್ನನ್ನು ಸುತ್ತಿಕೊಂಡವು. ಸಾಹೇಬರು ಗೊರಕೆ ಹೊಡೆದರು. ಅದೇ ಅವರ ಪ್ರಶ್ನೆ ಎಂದು ಸಭೆ ಒಪ್ಪಿಕೊಂಡಿತು. ಟೀ ಬಂತು.

ನಾನು ತಲುಪಿದಾಗ ಅವಳು ನಿದ್ದೆ ಹೋಗಿದ್ದಳು. ಹಾಡಿಲ್ಲ, ತಟ್ಟಿಲ್ಲ, ಓಡಾಡಿಲ್ಲ. ಆ ಗೊರಕೆ ಎದೆಯಿಂದ ಹೊಟ್ಟೆಗಿಳಿದು, ಹೊಟ್ಟೆಯಿಂದ ಅವಳಿಗೆ ತಾಗಿ, ಅವಳು ಹಳೇ ಬಸ್ಸಿನ ಎಂಜಿನ್ನಿನ ಮೇಲೆ ಮಲಗಿದಂತೆ ಸಣ್ಣಗೆ ಅದುರುತ್ತಿದ್ದಳು.

“ಎತ್ತಬೇಡ” ಎಂದು ಮಾವ ಪಿಸುಗುಟ್ಟಿದರು. ನಾನು ಎತ್ತಲಿಲ್ಲ. ಯಾಕೋ ಎತ್ತಲಿಲ್ಲ.

ಅಷ್ಟರಲ್ಲಿ ಲಿಫ್ಟ್ ಮೆಕ್ಯಾನಿಕ್ ಉಕ್ಕಿನ ಹಗ್ಗ ಹೆಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತ ಬಂದ. ಎಲ್ಲರ ಕೈಯಲ್ಲೂ ಟೀ ಲೋಟ ಕಂಡು, “ಮುಗೀತಾ?” ಎಂದ. ಟೀ ಆದ ಮೇಲೆ ಭಾಷಣ ಇಲ್ಲ ಎಂಬುದೂ ಕಟ್ಟಳೆಯೇ. ದೊಡ್ಡ ಚರ್ಚೆಯಾಯಿತು. ಕೊನೆಗೆ ಟೀಚರ್ ತೀರ್ಪು ಕೊಟ್ಟರು: “ಒಂದು ವಸ್ತು ದಾಟಿದ್ದಕ್ಕೆ ಒಂದು ಟೀ. ಇನ್ನೊಂದು ವಸ್ತು ದಾಟ್ಲಿ, ಇನ್ನೊಂದು ಟೀ ಆಗ್ಲಿ. ಲೆಕ್ಕ ಸರಿಹೋಯ್ತು.”

ಲಿಫ್ಟಿನ ಬಗ್ಗೆ ಏನು ಹೇಳಿದನೋ ಬರೆಯಲಾರೆ. ಸಾಹೇಬರ ಪಕ್ಕದ ಕುರ್ಚಿಯಲ್ಲಿ ಮಗಳನ್ನು ಕಾಯುತ್ತ ಕೂತಿದ್ದೆ. ಕಣ್ಣು ಬಿಟ್ಟಾಗ ನನ್ನ ಮೇಲೆ ಯಾರದೋ ಶಾಲು ಇತ್ತು, ಕೈಗೆ ಎರಡನೆಯ ಟೀ ಬಂತು.

ಫೆಬ್ರವರಿ 10, ಮಂಗಳವಾರ

ರಾತ್ರಿ ಮತ್ತದೇ ಕತೆ. ಮಾವ ಬೆಳಿಗ್ಗೆ ಫೋನು ಹಿಡಿದು ಸಾಹೇಬರ ಮನೆಗೆ ಹೊರಟರು, ಗೊರಕೆ ರೆಕಾರ್ಡ್ ಮಾಡಿ ತರುವುದಕ್ಕೆ. ಮಧ್ಯಾಹ್ನ ಬಂದು ನಡೆದದ್ದು ಹೇಳಿದರು. ಸಾಹೇಬರು ಖುಷಿಯಾಗಿ ಒಪ್ಪಿ, ಹಾಸಿಗೆ ಹಾಸಿ, ಕಣ್ಣು ಮುಚ್ಚಿದ್ದೇ ಬಂತು, ನಿದ್ದೆ ಬರಲಿಲ್ಲ. “ಭಾಷಣ ಇಲ್ದೆ ಹೆಂಗಯ್ಯಾ ನಿದ್ದೆ ಬರುತ್ತೆ? ಏನಾದ್ರೂ ಮಾತಾಡು” ಎಂದರಂತೆ. ಮಾವ ಏನು ಮಾತಾಡಬೇಕು? ಗಂಟಲು ಅರ್ಧ ಸರಿಹೋಗಿತ್ತು. ಬಾಯಿಪಾಠವಿದ್ದ ಬಸ್ಸಿನ ವೇಳಾಪಟ್ಟಿಯನ್ನೇ ಶುರು ಮಾಡಿದರಂತೆ. ಬೆಳಗಿನ ಬಸ್ಸುಗಳು ಮುಗಿಯುವ ಮೊದಲೇ ಸಾಹೇಬರು ನಿದ್ದೆಗೆ ಹೊರಟುಬಿಟ್ಟರಂತೆ.

ಹಾಗಾಗಿ ರೆಕಾರ್ಡಿನಲ್ಲಿ ಇಬ್ಬರೂ ಇದ್ದಾರೆ. “ದಯವಿಟ್ಟು ಗಮನಿಸಿ, ಆರು ಗಂಟೆ ಹತ್ತು ನಿಮಿಷದ ಬಸ್ಸು...” ಎಂದು ಮಾವ, ಅದರ ಹಿಂದೆ ಬೆಟ್ಟ ಹತ್ತುವ ಬಸ್ಸಿನಂತೆ ಸಾಹೇಬರು. ಈಗ ತಲೆದಿಂಬಿನ ಪಕ್ಕ ಹಾಕಿದ್ದೇನೆ. ಮಗಳ ಕಣ್ಣು ಮುಚ್ಚುತ್ತಿದೆ. ಹತ್ತು ಇಪ್ಪತ್ತರ ಬಸ್ಸು ಹೊರಡುವ ತನಕ ಕಾದು ನೋಡಿ

ಫೆಬ್ರವರಿ 11, ಬುಧವಾರ

ನಿನ್ನೆಯ ವಾಕ್ಯ ಅಲ್ಲಿಗೇ ನಿಂತಿದೆ. ಕೆನ್ನೆಯ ಮೇಲೆ ಪೆನ್ನಿನ ಗೀಟು.

ಫೆಬ್ರವರಿ 15, ಭಾನುವಾರ

ಇವರು ಬಂದಿದ್ದರು. ಮನೆಗೆ ಬಂದಾಗಲೂ ಇವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ರೆಕಾರ್ಡ್ ಕೇಳಿ, “ಇದೇನೇ ಇದು, ಅಪ್ಪನ ಬಸ್ಸಿಗೆ ಯಾರೋ ಅಡ್ಡ ಬಿದ್ದಿದಾರೆ!” ಎಂದು ನಕ್ಕರು. ಎಂಟೂವರೆಯ ಬಸ್ಸಿಗೆ ಮೊದಲೇ ನಿದ್ದೆ ಹೋದರು.

ಮಾರ್ಚ್ 7, ಶನಿವಾರ

ಮಾವನ ಗಂಟಲು ಪೂರ್ತಿ ನೆಟ್ಟಗಾಗಿದೆ. ಪರಿಚಯ ಓದುವ ನೆಪ ಇರಲಿಲ್ಲ. ಸುಮ್ಮನೆ ಹೋದೆ. ನಾನು ಒಳಗೆ ಕಾಲಿಡುತ್ತಿದ್ದಂತೆ ಮಗಳು ಟೈಲರ್ ತಾತನ ಕೈಗೆ ಹೋದಳು. ಅವರು ಅವಳಿಗೆ ಎದುರು ಗುಂಡಿಯ ಅಂಗಿ ಹೊಲಿದು ತಂದಿದ್ದರು.

ಇವತ್ತಿನ ಭಾಷಣ ಕ್ರೇನ್ ಓಡಿಸುವ ಹೆಂಗಸಿನದು. ನನ್ನ ಅಕ್ಕನ ವಯಸ್ಸಿರಬಹುದು. ತಂದಿದ್ದು ಒಂದು ಜೊತೆ ಹಳೆಯ ಕಿತ್ತಳೆ ಬಣ್ಣದ ಕೈಗವಸು, ತನ್ನದಲ್ಲ, ಕೆಳಗೆ ನಿಂತು ಸನ್ನೆ ಮಾಡುವವನದು. “ಅಷ್ಟು ಎತ್ತರದಿಂದ ಭಾರ ಎಲ್ಲಿಳಿಯುತ್ತೆ ಅಂತ ನಂಗೆ ಕಾಣೋದೇ ಇಲ್ಲ. ಆ ಕೈ ನೋಡ್ತೀನಿ, ಇಳಿಸ್ತೀನಿ” ಎಂದರು. ಪೋಸ್ಟ್‌ಮಾಸ್ಟರ್ ಕೈಗವಸಿನ ತೂಕ ಹೇಳಿದರು. ಟೀಚರ್, ಒಂದು ಟನ್ನಿಗೆ ಎಷ್ಟು ಇಳಿಜಾರು ಎಂದು ಏನೋ ಕೇಳಿ ಅವರ ಬೆವರಿಳಿಸಿದರು. ಕೈಗವಸು ನನ್ನ ಕೈಗೆ ಬಂತು. ಹಿಂದೆ ಟೀಗಾಗಿ ಕಾಯುವವರೆಲ್ಲ ಕೆಮ್ಮತೊಡಗಿದರು.

“ಭಯ ಆಗಲ್ವಾ?” ಎಂದು ಕೇಳಿಬಿಟ್ಟೆ.

“ಅಯ್ಯೋ, ದಿನಾ ಆಗುತ್ತೆ. ಆದ್ರೆ ಭಯ ಆಗುತ್ತೆ ಅಂತ ಭಾರಾನ ಗಾಳೀಲೇ ನೇತಾಡಿಸ್ಕೊಂಡು ಕೂತ್ಕೊಳ್ಳೋಕಾಗುತ್ತಾ ಮೇಡಂ? ಸಂಜೆ ಆಗ್ತಿದ್ದ ಹಾಗೆ ಎಲ್ಲೋ ಒಂದು ಕಡೆ ಇಳಿಸಿ ನಾನೂ ಇಳೀಬೇಕಲ್ಲ.”

ಎಲ್ಲರೂ ನಕ್ಕರು. ನಾನು ಕೈಗವಸನ್ನು ದಾಟಿಸಲು ಮರೆತು ಕೂತಿದ್ದೆನಂತೆ. ಟೀ ಅಮ್ಮ ಹಿಂದಿನಿಂದ, “ಮುಂದಕ್ಕೆ ಕೊಡವ್ವಾ, ಹಾಲು ಉಕ್ಕುತ್ತೆ!” ಎಂದು ಕೂಗಿದಳು.

ಮಾರ್ಚ್ 14, ಶನಿವಾರ

ಕೂಟದ ಕೋಣೆ ದಿನವೂ ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿರುತ್ತದೆ. ಕೇರಂ, ಪೇಪರ್, ಜಗಳ. ಇವತ್ತು ಮಗಳನ್ನು ಮಾವನ ಜೊತೆ ಅಲ್ಲಿ ಬಿಟ್ಟು ಸೋಪು ತರುತ್ತೇನೆಂದು ಹೊರಟೆ. ಗೇಟಿನ ಆಚೆ, ಮರದ ಹಿಂದೆ ನಿಂತೆ. ಅತ್ತಳು. ಕಾಲು ಗೇಟಿನತ್ತ ತಾನಾಗಿ ತಿರುಗಿತು. ಒಳಗಿನಿಂದ ಟೀಚರ ದನಿ: “ಮರದ ಹಿಂದೆ ಇರೋರು ಅಂಗಡಿಗೆ ಹೋಗಬಹುದು!”

ಹೋದೆ. ಸೋಪು ಮರೆತು ಬಂದೆ. ಅವಳು ಕೇರಂ ಬೋರ್ಡಿನ ಪಕ್ಕ ಮಾವನ ತೊಡೆಯ ಮೇಲೆ ಕೂತು ಬಾಯಲ್ಲಿ ಬೆರಳಿಟ್ಟುಕೊಂಡು ಆಟ ನೋಡುತ್ತಿದ್ದಳು. ನನ್ನನ್ನು ಕಂಡು ಒಮ್ಮೆ ನಕ್ಕು ಮತ್ತೆ ಆಟದ ಕಡೆ ತಿರುಗಿದಳು. ನನಗೆ ಸ್ವಲ್ಪ ಸಿಟ್ಟೇ ಬಂತು.

ಮಾರ್ಚ್ 22, ಭಾನುವಾರ

ಪಕ್ಕದ ಮನೆಯಾಕೆ ಬೇಲಿಯ ಬಳಿ ಬಂದು, “ಪಾಪ, ಕ್ಷಮಿಸಿ ಕಣ್ರೀ, ಈ ವಾರ ಪೂರ್ತಿ ನಮ್ಮ ಟ್ಯಾಂಕು ರಾತ್ರಿ ಹರೀತಾನೇ ಇದೆ” ಎಂದರು. ಯಾವ ಟ್ಯಾಂಕು ಎಂದು ಕೇಳಿದೆ. ಆಕೆ ನನ್ನನ್ನೇ ನೋಡಿದರು.

ಮಾರ್ಚ್ 30, ಸೋಮವಾರ

ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದೆ. “ಬರ್ತೀನಿ” ಎಂದೆ. “ಮಗು?” ಎಂದರು. “ಮಗೂಗೆ ಇಪ್ಪತ್ತಮೂರು ಜನ ಇದಾರೆ ಮೇಡಂ” ಎಂದೆ. ಲ್ಯಾಬಿನಿಂದ ಕೂಟಕ್ಕೆ ನಡೆದರೆ ಹತ್ತು ನಿಮಿಷ. ಮಧ್ಯಾಹ್ನ ಬಂದು ಹಾಲು ಕೊಟ್ಟು ಹೋಗಬಹುದು. ಹೇಳಿ ಮುಗಿಸಿದ ಮೇಲೆ ಸ್ವಲ್ಪ ಅತ್ತುಬಿಟ್ಟೆ. ಆಮೇಲೆ ಲ್ಯಾಬಿನ ಬಿಳಿ ಕೋಟು ತೆಗೆದು ತೊಟ್ಟು ನೋಡಿದೆ. ಗುಂಡಿ ಹಾಕಲಾಗಲಿಲ್ಲ. ಟೈಲರ್ ತಾತನಿಗೆ ಕೊಟ್ಟೆ. “ಹೊಲಿಗೆ ಬಿಚ್ಚೋದು ದೊಡ್ಡದಲ್ಲಮ್ಮಾ, ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದಾನಾ ಅನ್ನೋದು ದೊಡ್ಡದು” ಎಂದು ಹೊಲಿಗೆ ಬಿಚ್ಚಿ ನೋಡಿದರು. ಬಿಟ್ಟಿದ್ದಾನೆ.

ಸಂಜೆ ಮಾವ ಮುಖ ಇಳಿಬಿಟ್ಟುಕೊಂಡು ಬಂದರು. ಶನಿವಾರ ಬರಬೇಕಿದ್ದ ಜೇನು ಸಾಕುವವರಿಗೆ ಅವರ ಜೇನೇ ಕಚ್ಚಿ ಬಾಯಿ ಊದಿದೆಯಂತೆ. “ಬಾಯಿ ತೆರೆಯೋಕಾಗ್ದೋರ ಹತ್ರ ಭಾಷಣ ಮಾಡಿಸೋದು ಹೆಂಗೆ? ನಾಕು ದಿನದಲ್ಲಿ ಯಾರು ಸಿಕ್ತಾರೆ?”

“ನಾನು ಮಾತಾಡ್ಲಾ ಮಾವ? ನೀರಿನ ಬಗ್ಗೆ?”

ಮಾವ ನನ್ನನ್ನು ನೋಡಿದರು. ಗಂಟಲು ಸರಿ ಮಾಡಿಕೊಂಡರು. ಅಡುಗೆಮನೆ ನಡುಗುವಂತೆ ಕೂಗಿದರು: “ದಯವಿಟ್ಟು ಗಮನಿಸಿ! ಬರುವ ಶನಿವಾರ ಹತ್ತು ಗಂಟೆಗೆ ಹೊರಡುವ ನಮ್ಮ ಸೊಸೆ...” ಮಗಳು ಎದ್ದಳು. ಇಬ್ಬರೂ ನಕ್ಕೆವು. ಅವಳೂ ನಕ್ಕಳು.

ಏಪ್ರಿಲ್ 3, ಶುಕ್ರವಾರ

ರೀ, ಈ ಪುಟ ನಿಮಗೆ. ಉಳಿದ ಪುಟಗಳನ್ನು ಬಂದಾಗ ಓದುವಿರಂತೆ, ನಕ್ಕರೂ ಪರವಾಗಿಲ್ಲ. ಇದರ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಡ್ಯೂಟಿಯಲ್ಲಿ ಫೋನು ಲಾಕರಿನಲ್ಲಿ ಇರುತ್ತದೆಂದು ಗೊತ್ತು. ಬೆಳಗಿನ ಜಾವದ ಬಿಡುವಿನಲ್ಲಿ ನೋಡೇ ನೋಡುತ್ತೀರಿ.

ನಾಳೆ ಕೂಟದಲ್ಲಿ ನನ್ನ ಭಾಷಣ. ಬೀದಿಯ ನಲ್ಲಿಗೆ ನೀರು ಬಿಡುವುದು ಬೆಳಕು ಹರಿಯುವ ಮೊದಲು. ಮೊದಲು ಬರುವ ನೀರು ಒಂದು ಬಾಟಲಿ, ಸ್ವಲ್ಪ ಹೊತ್ತು ಬಿಟ್ಟು ಬರುವ ನೀರು ಇನ್ನೊಂದು ಬಾಟಲಿ ಹಿಡಿಯಬೇಕು. ಇಷ್ಟು ವರ್ಷ ಈ ಜನರೆಲ್ಲ ಎದ್ದ ಕೂಡಲೇ ಕುಡಿದ ಮೊದಲ ನೀರಿಗೂ ಆಮೇಲಿನದಕ್ಕೂ ಎಷ್ಟು ವ್ಯತ್ಯಾಸ ಎಂದು ಅವರ ಕೈಯಲ್ಲೇ ತೋರಿಸಬೇಕು. ಅವರೆದುರಿಗೇ ಔಷಧಿಯ ಪುಡಿ ಹಾಕುತ್ತೇನೆ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ನೀರು ಕೈಯಿಂದ ಕೈಗೆ ದಾಟಿ ಹೋಗುವುದನ್ನು ಯೋಚಿಸಿದರೇ ಮೈ ಝುಮ್ಮೆನ್ನುತ್ತದೆ. ಸಾಹೇಬರನ್ನು ಎಚ್ಚರವಾಗಿಡುತ್ತೇನೆಂದು ಟೀಚರ ಹತ್ತಿರ ಪಂಥ ಕಟ್ಟಿದ್ದೇನೆ. ಸೋತರೆ ಸೋಮವಾರ ಕೆಲಸಕ್ಕೆ ಹೋಗುವಾಗ ಮರದ ಹಿಂದೆ ಒಂದು ಕ್ಷಣವೂ ನಿಲ್ಲಕೂಡದಂತೆ. ಗೆದ್ದರೆ ಒಂದೇ ಒಂದು ಸಲ ನಿಂತು ನೋಡಬಹುದಂತೆ. ಅದಕ್ಕಾದರೂ ಗೆಲ್ಲಬೇಕು.

ಬಾಟಲಿ ತೊಳೆದು ಬಾಗಿಲ ಬಳಿ ಇಟ್ಟಿದ್ದೇನೆ. ಕೋಟು ಸರಿಯಾಗಿ ಕೂತಿದೆ. ಎಲ್ಲ ಸರಿ, ಒಂದೇ ತೊಂದರೆ: ನನ್ನನ್ನು ಎಬ್ಬಿಸುವವರು ಯಾರು? ಅಲಾರಂ ನಂಬಬೇಡಿ, ನಿನ್ನೆಯೂ ಮೊನ್ನೆಯೂ ನಿದ್ದೆಗಣ್ಣಿನಲ್ಲೇ ಅದರ ಕತ್ತು ಹಿಸುಕಿದ್ದೇನೆ. ಪಕ್ಕದ ಮನೆಯ ಟ್ಯಾಂಕಿಗೆ ಆ ತಾಕತ್ತಿಲ್ಲ. ಮಾವ ತಮ್ಮದೇ ರೆಕಾರ್ಡ್ ಕೇಳಿ ಆಗಲೇ ಮಲಗಿದ್ದಾರೆ. ಮಗಳು ಇದ್ದಾಳಲ್ಲ ಎನ್ನಬೇಡಿ. ನಿಮ್ಮ ನೈಟ್ ಸರ್ವಿಸ್ ರದ್ದಾಗಿ ವಾರವಾಯಿತು. ಪಕ್ಕದಲ್ಲಿ ಅಲ್ಲಾಡದೆ ಮಲಗಿದ್ದಾಳೆ, ಸಾಹೇಬರ ಹಾಗೆ ಸಣ್ಣಗೆ ಗೊರಕೆ ಹೊಡೆಯುತ್ತ.

ನನ್ನ ಕಣ್ಣು ಎಳೆಯುತ್ತಿದೆ. ಒಂದು ಸಲ ರಿಂಗ್ ಮಾಡಿ ಬಿಟ್ಟುಬಿಡಬೇಡಿ. ನಾನು ಎತ್ತಿ ‘ಹ್ಞೂಂ’ ಎಂದರೂ ನಂಬಬೇಡಿ. ನಾನು ಎದ್ದು, ಬಾಗಿಲು ತೆಗೆದು, ನಲ್ಲಿ ತಿರುಗಿಸಿದ ಸದ್ದು ನಿಮ್ಮ ಕಿವಿಗೆ ಬೀಳುವ ತನಕ ಬಿಡಬೇಡಿ. ದಮ್ಮಯ್ಯ ಅಂತೀನಿ ರೀ, ಬೆಳಗಾಗುವುದರೊಳಗೆ ಫೋನ್ ಮಾಡಿ.